ಲೋಗೋ ಬಣ್ಣ ಬದಲಿಸಲು ಗಿಂಪ್, ಫೋಟೋಶಾಪ್, ಇಂಕ್‌ಸ್ಕೇಪ್: ನನ್ನ ಓಟು ಇಂಕ್‌ಸ್ಕೇಪ್‌ಗೆ

ಲೋಗೋದ ಬಣ್ಣ ಬದಲಿಸಲು ಗಿಂಪ್, ಫೋಟೋಶಾಪ್ ಥರದ ಫೋಟೋ ತಿದ್ದುವ ಸಾಫ್ಟ್‌ವೇರ್ ತೆರೆಯುವ ಮೊದಲು, ಚಿತ್ರವನ್ನು ಆಕಾರಗಳಾಗಿ ಬರೆಯುವ ಪುಕ್ಕಟೆ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಹಾಕಿಕೊಳ್ಳಿ. ಮೂರನ್ನೂ ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ಚಿಕ್ಕಮಗಳೂರಿನಲ್ಲಿ ನಮ್ಮದು ಸಣ್ಣ ಕಾಫಿಪುಡಿ ಅಂಗಡಿ. ಲೋಗೋ ಹಸಿರು: ಎರಡು ಎಲೆ, ಕೆಳಗೆ ಊರಿನ ಹೆಸರು. ಚಿಕೋರಿ ಬೆರೆಸದ ಪುಡಿಗೆ ಅದೇ ಲೋಗೋ ಕಾಫಿ ಹಣ್ಣಿನ ಕೆಂಪಲ್ಲಿ ಬೇಕಿತ್ತು. ದುಡ್ಡು ಕೊಟ್ಟು ಮಾಡಿಸಿದೆವು. ಸ್ಟಿಕ್ಕರ್ ಬಂದಾಗ ನೋಡಿದರೆ ಪ್ರತಿ ಅಕ್ಷರದ ಸುತ್ತ ತೆಳು ಹಸಿರು ಗೆರೆ. ಅಷ್ಟೂ ಸ್ಟಿಕ್ಕರ್ ದಂಡ.

ಆ ಗೆರೆ ಬರುವುದು ಹೀಗೆ. ಜೆಪೆಗ್ ಫೈಲಿನಲ್ಲಿ ಹಸಿರು ಮುಗಿದ ಕೂಡಲೇ ಬಿಳಿ ಶುರುವಾಗುವುದಿಲ್ಲ. ಅಂಚು ನುಣುಪಾಗಿ ಕಾಣಲಿ ಅಂತ ನಡುವೆ ತಿಳಿಹಸಿರು ಪಿಕ್ಸೆಲ್‌ಗಳು, ಅಂದರೆ ಚಿತ್ರದ ಪುಟ್ಟ ಚುಕ್ಕೆಗಳು, ಇರುತ್ತವೆ. ಒತ್ತಿದ ಕಡೆ ಬಣ್ಣ ತುಂಬುವ ಬಕೆಟ್ ಫಿಲ್‌ನಲ್ಲಿ ಕೆಂಪು ಸುರಿದರೆ ಗಾಢ ಹಸಿರು ಮಾತ್ರ ಬದಲಾಗುತ್ತದೆ, ಅಂಚಿನದು ಹಾಗೇ ಉಳಿಯುತ್ತದೆ. ಥ್ರೆಶೋಲ್ಡ್ (ಎಷ್ಟು ಹತ್ತಿರದ ಬಣ್ಣದವರೆಗೂ ತುಂಬಬೇಕು ಅನ್ನುವ ಮಿತಿ) ಏರಿಸಿದರೆ ಅವೂ ಗಟ್ಟಿ ಕೆಂಪಾಗಿ, ಅಂಚು ಗರಗಸದ ಹಲ್ಲಿನ ಹಾಗಾಗುತ್ತದೆ.

ಗಿಂಪ್‌ನಲ್ಲಿ ಇದಕ್ಕೆ ದಾರಿ ಇದೆ. 'ಕಲರ್ ಟು ಆಲ್ಫಾ' ಕೊಟ್ಟು ಬಿಳಿಯನ್ನು ತೆಗೆದು ಪಾರದರ್ಶಕ ಮಾಡಬೇಕು. ಆಮೇಲೆ ಲೇಯರ್‌ನ ಆಲ್ಫಾ, ಅಂದರೆ ಪಾರದರ್ಶಕತೆ, ಬದಲಾಗದ ಹಾಗೆ ಲಾಕ್ ಮಾಡಿ ಕೆಂಪು ತುಂಬಬೇಕು. ಗೆರೆ ಮಾಯ. ಆದರೆ ನಮ್ಮ ಹಸಿರಿನೊಳಗೂ ಸ್ವಲ್ಪ ಬಿಳಿ ಸೇರಿಕೊಂಡಿತ್ತಲ್ವಾ, ಅದನ್ನೂ ಎಳೆದುಕೊಂಡು ಎಲೆಯನ್ನೇ ಅರೆಪಾರದರ್ಶಕ ಮಾಡಿಬಿಟ್ಟಿತು. ಕೆಂಪು ಮಂಕಾಗಿ ಕಂಡದ್ದು ಅದಕ್ಕೇ. 'ಕಲರ್ ಟು ಆಲ್ಫಾ' ಕಿಟಕಿಯಲ್ಲೇ ಇರುವ 'ಒಪ್ಯಾಸಿಟಿ ಥ್ರೆಶೋಲ್ಡ್' (ಯಾವ ಬಣ್ಣ ಪೂರ್ತಿ ಗಟ್ಟಿಯಾಗಿ ಉಳಿಯಬೇಕು ಅನ್ನುವ ಮಿತಿ) ಇಳಿಸಿದ ಮೇಲೆ ಸರಿಹೋಯಿತು. ಕೆಲಸ ಆಗುತ್ತದೆ, ಆದರೆ ಪ್ರತಿ ಸಲ ಇಷ್ಟು ಹೆಜ್ಜೆ.

ಫೋಟೋಶಾಪ್‌ನ 'ಕಲರ್ ಓವರ್‌ಲೇ' ನಿಜಕ್ಕೂ ಚೆನ್ನ, ಇಡೀ ಚಿತ್ರಕ್ಕೆ ಒಂದೇ ಬಣ್ಣ ಹೊದಿಸುತ್ತದೆ. ಹಿನ್ನೆಲೆ ಇಲ್ಲದ ಪಿಎನ್‌ಜಿ ಇದ್ದರೆ ಒಂದೇ ಹೆಜ್ಜೆ, ಬೇಡವಾದರೆ ಬಣ್ಣ ತೆಗೆಯಲೂಬಹುದು. ಆದರೆ ಲೇಬಲ್ ಮುಟ್ಟುವುದು ವರ್ಷಕ್ಕೊಮ್ಮೆ, ಸಾಫ್ಟ್‌ವೇರ್ ಬಾಡಿಗೆ ಮಾತ್ರ ತಿಂಗಳು ತಿಂಗಳು. ನನ್ನ ಅಂಗಡಿಗೆ ಅದು ಹೊರೆ. ಬ್ರೌಸರ್‌ನಲ್ಲೇ ತೆರೆಯುವ ಫೋಟೋಪಿಯಾದಲ್ಲಿ ಇದೇ ಸೌಲಭ್ಯ ಪುಕ್ಕಟೆ.

ಇಡೀ ಚಿತ್ರದ ಬಣ್ಣ ತಿರುಗಿಸುವ ಹ್ಯೂ ಸ್ಲೈಡರ್ ಸುಮ್ನೆ ಎಳೆಯಬೇಡಿ. ಲೋಗೋದಲ್ಲಿ ಕಪ್ಪು ಅಕ್ಷರ ಇದ್ದರೆ ಅದು ಜಗ್ಗುವುದಿಲ್ಲ.

ಇಂಕ್‌ಸ್ಕೇಪ್‌ನಲ್ಲಿ ಎಸ್‌ವಿಜಿ (ಚಿತ್ರವನ್ನು ಆಕಾರಗಳಾಗಿ ಇಡುವ) ಫೈಲ್ ತೆರೆದರೆ ಎಲೆ ಅನ್ನುವುದು ಒಂದು ಆಕಾರ, ಪಿಕ್ಸೆಲ್ ಅಲ್ಲ. ಒಂದು ಎಲೆ ಆರಿಸಿ, 'ಸೆಲೆಕ್ಟ್ ಸೇಮ್'ನಲ್ಲಿ 'ಫಿಲ್ ಕಲರ್' ಒತ್ತಿದರೆ ಆ ಹಸಿರಿನದೆಲ್ಲ ಒಟ್ಟಿಗೆ ಸಿಗುತ್ತದೆ. ಕೆಳಗಿನ ಪ್ಯಾಲೆಟ್‌ನಲ್ಲಿ ಕೆಂಪು ಒತ್ತಿ. ಮುಗಿಯಿತು. ಶಿಫ್ಟ್ ಹಿಡಿದು ಒತ್ತಿದರೆ ಮಾತ್ರ ಬಣ್ಣ ಹೊರಗೆರೆಗೆ ಹೋಗುತ್ತದೆ.

ನಮ್ಮ ಬಳಿ ಇದ್ದದ್ದು ಜೆಪೆಗ್ ಒಂದೇ. ಹಾಗಾಗಿ ಪಿಕ್ಸೆಲ್ ಚಿತ್ರವನ್ನು ಆಕಾರಗಳಾಗಿ ಬದಲಿಸುವ 'ಟ್ರೇಸ್ ಬಿಟ್‌ಮ್ಯಾಪ್' ಮಾಡಬೇಕಾಯಿತು. ಎಲೆ ಅಚ್ಚುಕಟ್ಟಾಗಿ ಬಂತು. 'ಚಿಕ್ಕಮಗಳೂರು' ಪದದಲ್ಲಿ ಕಕಾರದ ಒತ್ತಿನ ಒಳಗಿನ ಕಿರಿದಾದ ಜಾಗ ತುಂಬಿಹೋಗಿ, ಒತ್ತು ಬರೀ ಮಸಿ ಚುಕ್ಕೆಯಾಯಿತು. ಊರಿನ ಹೆಸರನ್ನೇ ಕೆಡಿಸಿಕೊಂಡು ಪುಡಿ ಮಾರುವುದು ಹೇಗೆ? ಅಕ್ಷರ ಅಳಿಸಿ, ಯೂನಿಕೋಡ್ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡಿ, ಅಕ್ಷರವನ್ನೂ ಆಕಾರವಾಗಿಸುವ 'ಆಬ್ಜೆಕ್ಟ್ ಟು ಪಾತ್' ಕೊಟ್ಟೆ. ಪ್ರೆಸ್ಸಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಚೆದುರುವುದಿಲ್ಲ. ಈ ಶ್ರಮ ಒಂದೇ ಸಲ. ಮುಂದೆ ಯಾವ ಬಣ್ಣ ಬೇಕಾದರೂ ಅದೇ ಫೈಲ್ ಸಾಕು.

ಪರದೆಯ ಕೆಂಪು ಅಚ್ಚಿನಲ್ಲಿ ಹಾಗೇ ಬರುವುದಿಲ್ಲ, ಒಂದು ಮಾದರಿ ತೆಗೆಸಿ ನೋಡಿ.

ಲೋಗೋದಲ್ಲಿ ಫೋಟೋ ಇದ್ದರೆ, ನೆರಳು ಬೆಳಕು ಜಾಸ್ತಿ ಇದ್ದರೆ ಗಿಂಪ್ ಒಳ್ಳೆಯದು. ಚಪ್ಪಟೆ ಬಣ್ಣದ ಲೋಗೋಗೆ ನಾನು ಇಂಕ್‌ಸ್ಕೇಪ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹೊಸದಾಗಿ ಲೋಗೋ ಮಾಡಿಸುವವರು ಪೂರ್ತಿ ಹಣ ಕೊಡುವ ಮೊದಲೇ ಎಸ್‌ವಿಜಿ ಕೇಳಿ ಇಟ್ಟುಕೊಳ್ಳಿ.