ಪೇಂಟ್ ಮಾರ್ಕರ್ ವಿಮರ್ಶೆ: ದುಡ್ಡು ಕೊಟ್ಟ ಸರ್ವಿಸ್ ನಿಜವಾಗಿ ಆಗಿದೆಯಾ ಅಂತ ನೋಡಲು

ಈ ಪೆನ್ನು ನಾನು ತೆಗೆದುಕೊಂಡಿದ್ದು ಒಂದೇ ಕೆಲಸಕ್ಕೆ. ಕಾರನ್ನು ಸರ್ವಿಸ್‌ಗೆ ಬಿಡುವ ಮುಂಚೆ ಅದರ ಭಾಗಗಳ ಮೇಲೆ ಗುರುತು ಹಾಕುವುದು, ವಾಪಸ್ ಬಂದ ಮೇಲೆ ಆ ಗುರುತು ಏನಾಗಿದೆ ಅಂತ ನೋಡುವುದು. ಹಲವು ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ. ಬಿಳಿ ಒಂದು, ಹಳದಿ ಒಂದು, ಎರಡೂ ತೆಳು ಮೊನೆಯ ಆಯಿಲ್ ಬೇಸ್ಡ್ ಪೇಂಟ್ ಮಾರ್ಕರ್. ಗ್ಯಾರೇಜ್ ಕೊಟ್ಟ ಬಿಲ್ ನಂಬಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಇದಕ್ಕಿಂತ ಉಪಯೋಗದ ವಸ್ತು ನನಗೆ ಸಿಕ್ಕಿಲ್ಲ. ಆದರೆ ಗುರುತು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ತಿಳಿಯದೆ ಬಳಸಿದರೆ ಒಳ್ಳೆಯ ಮೆಕ್ಯಾನಿಕ್ ಮೇಲೆ ಸುಮ್ನೆ ಅಪವಾದ ಹೊರಿಸಿದಂತಾಗುತ್ತದೆ. ಹಾಗಾಗಿ ಇಲ್ಲಿ ಪೆನ್ನಿಗಿಂತ ಅದನ್ನು ಬಳಸುವ ಬಗೆಯೇ ಜಾಸ್ತಿ ಇದೆ.

ಮೊದಲು ಪೆನ್ನು. ಮಾಮೂಲಿ ಪರ್ಮನೆಂಟ್ ಮಾರ್ಕರ್ ಈ ಕೆಲಸಕ್ಕೆ ಆಗುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಮೇಲೆ ಕಾಣುವುದಿಲ್ಲ, ಎಣ್ಣೆ ತಾಗಿದರೆ ಮಸುಕಾಗುತ್ತದೆ. ಪೇಂಟ್ ಮಾರ್ಕರ್ ಒಳಗೆ ಇರುವುದು ನಿಜವಾದ ಪೇಂಟ್. ಮುಚ್ಚಳ ಹಾಕಿಯೇ ಚೆನ್ನಾಗಿ ಅಲ್ಲಾಡಿಸಬೇಕು. ಆಮೇಲೆ ಮೊನೆಯನ್ನು ಒಂದು ಕಾಗದದ ಮೇಲೆ ಒತ್ತಿದರೆ ಬಣ್ಣ ಇಳಿಯುತ್ತದೆ. ಬರೆಯುವ ಜಾಗದ ಜಿಡ್ಡು, ಧೂಳು ಒರೆಸಿಕೊಂಡಿದ್ದರೆ ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ವರೆಗೆ ಗುರುತು ಆರಾಮವಾಗಿ ನಿಲ್ಲುತ್ತದೆ. ಆಯಿಲ್ ಫಿಲ್ಟರ್ ಮೇಲೆ, ಇಂಜಿನ್ ಬಿಸಿಯ ಪಕ್ಕದಲ್ಲೂ, ಬಣ್ಣ ಸ್ವಲ್ಪ ಮಂಕಾಗಿದ್ದು ಬಿಟ್ಟರೆ ಗುರುತು ಹಾಗೇ ಇರುತ್ತದೆ. ಜಿಡ್ಡಿನ ಮೇಲೆ ಬರೆದರೆ ಮಾತ್ರ ಎದ್ದು ಉದುರುತ್ತದೆ.

ನಾನು ಹಾಕುವ ಗುರುತು ಎರಡು ಬಗೆ. ಬದಲಾಯಿಸಬೇಕಾದ ಭಾಗಕ್ಕೆ ಒಂದು ಸಣ್ಣ ಚುಕ್ಕಿ ಅಥವಾ ತಾರೀಕು. ಬಿಚ್ಚಬೇಕಾದ ಬೋಲ್ಟ್‌ಗೆ ಒಂದು ಗೆರೆ. ಬೋಲ್ಟ್ ತಲೆಯಿಂದ ಶುರುವಾಗಿ ಅದು ಕೂತಿರುವ ಜಾಗದವರೆಗೂ ಹಾದುಹೋಗುವ ಒಂದೇ ಗೆರೆ. ಬೋಲ್ಟ್ ತಿರುಗಿದರೆ ಆ ಗೆರೆ ಮುರಿಯುತ್ತದೆ. ಮತ್ತೆ ಬಿಗಿ ಮಾಡಿದಾಗ ಎರಡೂ ತುದಿ ಅದೇ ಜಾಗಕ್ಕೆ ಬಂದು ಕೂಡುವುದು ಅಪರೂಪ. ಕೂಡಿದರೂ ಒಣಗಿದ ಬಣ್ಣದಲ್ಲಿ ಬಿರುಕು ಕಾಣುತ್ತದೆ. ವಿಮಾನ ರಿಪೇರಿ ಮಾಡುವವರೂ ನಟ್ಟುಗಳ ಮೇಲೆ ಇಂಥ ಗೆರೆ ಹಾಕುತ್ತಾರೆ. ನಟ್ಟು ಸಡಿಲವಾದರೆ ದೂರದಿಂದಲೇ ಗೊತ್ತಾಗಲಿ ಅಂತ. ಕೆಲವು ಕಾರುಗಳಲ್ಲಿ ಫ್ಯಾಕ್ಟರಿಯಲ್ಲೇ ಹಾಕಿದ ಗೆರೆಗಳಿರುತ್ತವೆ. ಅವುಗಳ ಮೇಲೆ ಬಳಿಯಬೇಡಿ, ಪಕ್ಕದಲ್ಲಿ ಹಾಕಿ. ಗುರುತು ಹಾಕಿದ ಕೂಡಲೇ ಫೋಟೋ ತೆಗೆಯಿರಿ, ಜೊತೆಗೆ ಓಡೋಮೀಟರ್‌ದೂ ಒಂದು.

ಈ ಗೆರೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಬ್ರೇಕ್ ಆಯಿಲ್ ವಿಷಯದಲ್ಲಿ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿ ಅಷ್ಟೇ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು, ಹಳೆಯ ಆಯಿಲ್ ಕುದಿದು ಆವಿಯಾದರೆ ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸರಿಯಾಗಿ ಬದಲಾಯಿಸಬೇಕಾದರೆ ಚಕ್ರಗಳ ಹತ್ತಿರ ಇರುವ ಬ್ಲೀಡರ್ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ, ಪೈಪಿನಲ್ಲಿರುವ ಹಳೆಯದೆಲ್ಲ ಹೊರಬರುವವರೆಗೂ ಹೊಸದನ್ನು ತಳ್ಳಬೇಕು. ಇದಕ್ಕೇ ಬ್ಲೀಡಿಂಗ್ ಅನ್ನುತ್ತಾರೆ. ಇನ್ನೊಂದು ಸುಲಭದ ದಾರಿ ಇದೆ. ಬಾನೆಟ್ ಕೆಳಗಿನ ಡಬ್ಬಿಯಲ್ಲಿರುವ ಕಂದು ಆಯಿಲ್ ಅನ್ನು ಸಿರಿಂಜ್‌ನಲ್ಲಿ ಎಳೆದು, ಹೊಸದು ತುಂಬಿಸಿ ಮುಚ್ಚಳ ಹಾಕುವುದು. ಮೇಲಿನಿಂದ ನೋಡಿದರೆ ತಿಳಿ ಹಳದಿ. ಪೈಪಿನಲ್ಲಿ, ಚಕ್ರದ ಹತ್ತಿರ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನಲ್ಲಿ ಇರುವುದು ಹಳೆಯದೇ.

ಒಂದು ಸರ್ವಿಸ್ ಸೆಂಟರ್‌ನಲ್ಲಿ ನನಗೆ ಆಗಿದ್ದು ಇದೇ. ಬಿಲ್‌ನಲ್ಲಿ ಬ್ರೇಕ್ ಆಯಿಲ್ ಬದಲಾವಣೆ ಮತ್ತು ಬ್ಲೀಡಿಂಗ್ ಎರಡಕ್ಕೂ ದುಡ್ಡು ಹಾಕಿದ್ದರು. ಡಬ್ಬಿಯಲ್ಲಿ ಹೊಸ ಆಯಿಲ್ ಇತ್ತು. ಆದರೆ ನಾಲ್ಕೂ ನಿಪ್ಪಲ್ ಮೇಲಿನ ಬಿಳಿ ಗೆರೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ರಬ್ಬರ್ ಮುಚ್ಚಳಗಳ ಮೇಲಿನ ಧೂಳು ಕೂಡ ಹಾಗೇ ಇತ್ತು. ಸರ್ವಿಸ್ ಅಡ್ವೈಸರ್‌ಗೆ ಫೋಟೋ ತೋರಿಸಿ, "ಸರ್, ನಿಪ್ಪಲ್ ಬಿಚ್ಚದೆ ಬ್ಲೀಡಿಂಗ್ ಹೇಗಾಯಿತು?" ಅಂತ ಕೇಳಿದೆ. "ನಾವು ಮಷಿನ್‌ನಲ್ಲಿ ಮಾಡ್ತೀವಿ ಸರ್" ಅಂದರು. ಮಷಿನ್ ಮೇಲಿನಿಂದ ಒತ್ತಡ ಕೊಟ್ಟರೂ ಆಯಿಲ್ ಹೊರಬರುವುದು ನಿಪ್ಪಲ್‌ನಿಂದಲೇ ಅಲ್ವಾ? ಅದನ್ನೇ ಹೇಳಿದೆ. ಅವರು ಒಳಗೆ ಹೋಗಿ ಮೆಕ್ಯಾನಿಕ್ ಜೊತೆ ಮಾತಾಡಿ ಬಂದರು. ಆಮೇಲೆ ಕಾರನ್ನು ಲಿಫ್ಟ್ ಮೇಲೆ ಹತ್ತಿಸಿ ನನ್ನೆದುರೇ ಕೆಲಸ ಮಾಡಿಸಿದರು. ಹೊರಬಂದ ಆಯಿಲ್ ಕಡುಕಂದು ಬಣ್ಣದ್ದು. ಜಗಳ ಆಗಲಿಲ್ಲ, ದನಿ ಏರಲಿಲ್ಲ. ಆದರೂ ನನಗೆ ತುಂಬಾ ಕೋಪ ಬಂದಿತ್ತು. ದುಡ್ಡು ಹೋದರೆ ಹೋಗಲಿ, ಬ್ರೇಕ್ ಸರಿಯಿದೆ ಅಂತ ನಂಬಿ ಮನೆಯವರನ್ನೆಲ್ಲ ಕೂರಿಸಿಕೊಂಡು ಬೆಟ್ಟದ ರಸ್ತೆ ಇಳಿಯುವವರು ನಾವು.

ಈಗ ಮುಖ್ಯವಾದ ಮಾತು. ಹಳೆಯ ಗುರುತು ಹಾಗೇ ಇದ್ದರೆ ಕೆಲಸ ಆಗಿಲ್ಲ ಅನ್ನಲು ಗಟ್ಟಿ ಆಧಾರ ಸಿಗುತ್ತದೆ. ಗುರುತು ಇಲ್ಲ ಅಂದ ಮಾತ್ರಕ್ಕೆ ಕೆಲಸ ಆಗಿದೆ ಅನ್ನಲು ಬರುವುದಿಲ್ಲ. ಇಂಜಿನ್ ತೊಳೆಯುವ ಡಿಗ್ರೀಸರ್ ಬಣ್ಣವನ್ನು ಅಳಿಸಿರಬಹುದು. ಬೋಲ್ಟ್ ಒಂದು ಸುತ್ತು ತಿರುಗಿಸಿ ಬಿಟ್ಟಿರಬಹುದು. ಮೊದಲನೆಯದಕ್ಕೂ ಒಂದು ಮುಖ್ಯ ಅಪವಾದ ಇದೆ. ಇಂಜಿನ್ ಆಯಿಲ್ ಬದಲಾಯಿಸಲು ಎಲ್ಲರೂ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚುವುದಿಲ್ಲ. ಕೆಲವು ಕಡೆ ಡಿಪ್‌ಸ್ಟಿಕ್ ಪೈಪಿನ ಮೂಲಕ ಪಂಪ್ ಇಳಿಸಿ ಹಳೆಯ ಆಯಿಲ್ ಎಳೆಯುತ್ತಾರೆ. ಅಲ್ಲಿ ಬೋಲ್ಟ್ ಮೇಲಿನ ಗೆರೆ ಮುರಿದಿರುವುದಿಲ್ಲ, ಆದರೆ ಆಯಿಲ್ ಬದಲಾಗಿರುತ್ತದೆ. ಆದ್ದರಿಂದ ಗಾಡಿ ಬಿಡುವಾಗಲೇ "ಆಯಿಲ್ ಹೇಗೆ ತೆಗೀತೀರಾ?" ಅಂತ ಕೇಳಿ ತಿಳಿದುಕೊಳ್ಳಬೇಕು. ಕೇಳದೆ, ಗೆರೆ ನೋಡಿ ಜಗಳಕ್ಕೆ ಇಳಿಯುವುದು ನ್ಯಾಯ ಅಲ್ಲ.

ಆಯಿಲ್ ಬಣ್ಣ ನೋಡಿ ತೀರ್ಮಾನ ಮಾಡುವವರು ಬಹಳ ಜನ. ಪೆಟ್ರೋಲ್ ಕಾರಿನಲ್ಲಿ ಅದಕ್ಕೆ ಸ್ವಲ್ಪ ಅರ್ಥ ಇದೆ. ಹೊಸ ಆಯಿಲ್ ಕೆಲವು ದಿನವಾದರೂ ತಿಳಿಯಾಗಿ ಇರುತ್ತದೆ. ಡೀಸೆಲ್‌ನಲ್ಲಿ ಒಳಗೆ ಉಳಿದ ಮಸಿ ಸೇರಿ, ಇಂಜಿನ್ ಸ್ವಲ್ಪ ಹೊತ್ತು ಓಡಿದರೂ ಹೊಸ ಆಯಿಲ್ ಕಪ್ಪಾಗುತ್ತದೆ. ಅದನ್ನು ನೋಡಿ ಮೋಸ ಅನ್ನಬಾರದು. ಡ್ಯಾಶ್‌ಬೋರ್ಡ್‌ನ ಸರ್ವಿಸ್ ಲೈಟ್ ಆರಿದ್ದರೂ ಅದು ಸಾಕ್ಷಿ ಅಲ್ಲ. ಆಯಿಲ್ ಮುಟ್ಟದೆಯೂ ಅದನ್ನು ರಿಸೆಟ್ ಮಾಡಬಹುದು. ನಾನು ನೋಡುವುದು ಆಯಿಲ್ ಫಿಲ್ಟರ್ ಮೇಲಿನ ಚುಕ್ಕಿ, ಡ್ರೈನ್ ಬೋಲ್ಟ್‌ನ ವಾಷರ್ ಹೊಸದೇ ಅನ್ನುವುದು, ಡಿಪ್‌ಸ್ಟಿಕ್ ಮಟ್ಟ, ಕೊನೆಗೆ ಬಿಲ್. ಇಂಜಿನ್‌ಗೆ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಬಿಲ್‌ನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಉಳಿದ ಆಯಿಲ್ ಎಲ್ಲಿ ಅಂತ ಕೇಳುವ ಹಕ್ಕು ನಮಗಿದೆ.

ಫಿಲ್ಟರ್‌ಗಳ ವಿಷಯದಲ್ಲಿ ಪೆನ್ನು ಅಂತೂ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಏರ್ ಫಿಲ್ಟರ್ ತೆಗೆದು ಕಂಪ್ರೆಸರ್ ಗಾಳಿಯಲ್ಲಿ ಊದಿ, ಅದನ್ನೇ ಮತ್ತೆ ಕೂರಿಸಿ, ಹೊಸದರ ಬಿಲ್ ಹಾಕುವುದು ತುಂಬಾ ಸುಲಭ. ಊದಿದ ಮೇಲೆ ನೋಡಲು ಪರವಾಗಿಲ್ಲ ಅನ್ನಿಸುತ್ತದೆ. ಹಾಗಾಗಿ ಅಂಚಿನ ರಬ್ಬರ್ ಮೇಲೆ ತಾರೀಕು ಬರೆಯುತ್ತೇನೆ, ಫಿಲ್ಟರ್ ಕಾಗದದ ಮೇಲೆ ಬರೆಯುವುದಿಲ್ಲ. ಎಸಿ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಯಾರೂ ತೆಗೆದು ನೋಡುವುದಿಲ್ಲ ಅಂತಲೋ ಏನೋ, ನನ್ನ ಅನುಭವದಲ್ಲಿ ಬಿಲ್‌ನಲ್ಲಿ ಬಂದು ಕಾರಿಗೆ ಬಾರದೇ ಇರುವುದು ಇದೇ ಜಾಸ್ತಿ. ಜಾಬ್ ಕಾರ್ಡ್ ಬರೆಸುವಾಗಲೇ "ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಇಡಿ" ಅಂತ ಬರೆಸಿ. ಗುರುತು ಇಲ್ಲದಿದ್ದರೆ ಬೇರೆ ಯಾರದೋ ಗಾಡಿಯ ಹಳೆಯ ಫಿಲ್ಟರ್ ನಿಮ್ಮ ಡಿಕ್ಕಿಗೆ ಬಂದರೂ ಗೊತ್ತಾಗುವುದಿಲ್ಲ. ವಾರಂಟಿಯಲ್ಲಿ ಬದಲಾಯಿಸಿದ ಭಾಗ, ಎಕ್ಸ್‌ಚೇಂಜ್‌ನಲ್ಲಿ ಕೊಟ್ಟ ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರ್ ಇವು ಕಂಪನಿಗೆ ವಾಪಸ್ ಹೋಗಬೇಕಾಗುತ್ತದೆ. ಅವನ್ನು ಮನೆಗೆ ಕೊಡಿ ಅಂತ ಹಟ ಹಿಡಿಯಬೇಡಿ, ನೋಡಿ ಫೋಟೋ ತೆಗೆದುಕೊಂಡರೆ ಸಾಕು.

ಟೈರುಗಳ ಜಾಗ ಅದಲುಬದಲು ಮಾಡುವ ಟೈರ್ ರೊಟೇಶನ್‌ಗೆ ಪ್ರತಿ ಟೈರಿನ ಒಳಬದಿಯಲ್ಲಿ ಒಂದು ಅಕ್ಷರ ಸಾಕು. ವೀಲ್ ಅಲೈನ್‌ಮೆಂಟ್‌ಗೆ ಪೆನ್ನಿಗಿಂತ ಪ್ರಿಂಟೌಟ್ ಮುಖ್ಯ. ಮಾಡುವ ಮುಂಚಿನ ಮತ್ತು ಆಮೇಲಿನ ಟೋ, ಕ್ಯಾಂಬರ್ (ಚಕ್ರಗಳು ಎಷ್ಟು ಓರೆಯಾಗಿವೆ ಅನ್ನುವ ಕೋನಗಳು) ಅಂಕಿಗಳು, ನಿಮ್ಮ ಗಾಡಿ ನಂಬರ್, ಅವತ್ತಿನ ತಾರೀಕು ಅದರಲ್ಲಿ ಇರಬೇಕು. ಚೆಕ್ ಇಂಜಿನ್ ಲೈಟ್ ರಿಪೇರಿ ಅಂತ ದುಡ್ಡು ಕೊಟ್ಟಿದ್ದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಒಂದು ಓಬಿಡಿ ರೀಡರ್ ಇಟ್ಟುಕೊಳ್ಳಿ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದನ್ನು ಅನೇಕ ಕಾರುಗಳ ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ. ಲೈಟ್ ಮತ್ತೆ ಬಂದಾಗ ಅದೇ ಹಳೆಯ ಕೋಡ್ ಸಿಕ್ಕಿದರೆ, ಭಾಗ ಬದಲಾಯಿಸದೆ ಕೋಡ್ ಮಾತ್ರ ಅಳಿಸಿದ್ದರೇ ಅಂತ ಕೇಳಲು ಒಂದು ಆಧಾರ ಆಗುತ್ತದೆ. ಲೇಬರ್ ಸಮಯದ ಬಗ್ಗೆ ಮಾತ್ರ ಹುಷಾರು. ಎರಡು ಗಂಟೆಯ ಲೇಬರ್ ಹಾಕಿ ಒಂದೇ ಗಂಟೆಯಲ್ಲಿ ಮುಗಿಸಿದ್ದರೆ ಅದು ಮೋಸ ಅಲ್ಲ. ಎಷ್ಟೋ ಕಡೆ ಪ್ರತಿ ಕೆಲಸಕ್ಕೂ ನಿಗದಿ ಮಾಡಿದ ಸಮಯದ ಲೆಕ್ಕದಲ್ಲೇ ಬಿಲ್ ಹಾಕುತ್ತಾರೆ. ಕೈ ಪಳಗಿದವರು ಬೇಗ ಮುಗಿಸುತ್ತಾರೆ.

ಯುವಿ ಬೆಳಕಿನಲ್ಲಿ ಮಾತ್ರ ಕಾಣುವ ಪೆನ್ನನ್ನೂ ಬಳಸಿ ನೋಡಿದ್ದೇನೆ. ಇಷ್ಟವಾಗಲಿಲ್ಲ. ಇಂಜಿನ್ ಆಯಿಲ್ ಕಲೆ ಕೂಡ ಆ ಬೆಳಕಿನಲ್ಲಿ ಹೊಳೆಯುವುದರಿಂದ ಗುರುತು ಯಾವುದು, ಕಲೆ ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಕದ್ದು ಹಾಕಿದ ಗುರುತು ತೋರಿಸಿದಾಗ ಎದುರಿನವರಿಗೆ ಅವಮಾನ ಆಗುತ್ತದೆ. ಈಗ ನಾನು ಗುರುತು ಹಾಕಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಈಗ ಹೋಗುವ ಗ್ಯಾರೇಜ್‌ನ ಮೆಕ್ಯಾನಿಕ್ ಅದನ್ನು ಕೇಳಿ, "ಒಳ್ಳೇದಾಯ್ತು ಸರ್, ನನಗೂ ಲೆಕ್ಕ ಸಿಗುತ್ತೆ" ಅಂದರು. ನಿಪ್ಪಲ್ ಬಿಗಿ ಮಾಡಿದ ಮೇಲೆ ಅವರೇ ಹೊಸ ಗೆರೆ ಹಾಕಿ ಕೊಡುತ್ತಾರೆ. ಅಂಥವರನ್ನು ಬಿಟ್ಟು ಬೇರೆ ಕಡೆ ಹೋಗುವ ಮನಸ್ಸು ಬರುವುದಿಲ್ಲ.

ಪೆನ್ನಿನ ಮೇಲೆ ದೂರುಗಳೂ ಇವೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಬೇಗ ಒಣಗುತ್ತದೆ. ಒರಟು ಲೋಹದ ಮೇಲೆ ಬರೆದು ಬರೆದು ಮೊನೆ ಚಪ್ಪಟೆಯಾಗುತ್ತದೆ. ಜಾಸ್ತಿ ಒತ್ತಿದರೆ ತೊಟ್ಟಿಕ್ಕುತ್ತದೆ. ಕಾರಿನ ಬಾಡಿ ಮೇಲೆ ಬಿದ್ದರೆ ತೆಗೆಯುವುದು ಕಷ್ಟ. ಬ್ರೇಕ್ ಡಿಸ್ಕ್, ಪ್ಯಾಡ್, ಬೆಲ್ಟ್, ಸೆನ್ಸರ್ ಇವುಗಳ ಹತ್ತಿರ ತರಲೇಬೇಡಿ. ಇಂಜಿನ್ ತಣ್ಣಗಿದ್ದಾಗ ಮಾತ್ರ ಬರೆಯಿರಿ. ಗುರುತು ಹಾಕಲು ಬರೀ ಜ್ಯಾಕ್ ಕೊಟ್ಟ ಕಾರಿನ ಕೆಳಗೆ ನುಗ್ಗಬೇಡಿ. ಮುಂದಿನ ಚಕ್ರದ ನಿಪ್ಪಲ್ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕೈಗೆ ಸಿಗುತ್ತದೆ, ಹಿಂದಿನದನ್ನು ನೋಡಲು ಫೋನ್ ಕ್ಯಾಮೆರಾ ಸಾಕು.

ಕೊಳ್ಳುವವರು ತೆಳು ಮೊನೆಯದ್ದೇ ತೆಗೆದುಕೊಳ್ಳಿ, ಎರಡು ಬಣ್ಣ ಇಟ್ಟುಕೊಳ್ಳಿ. ಈ ಸರ್ವಿಸ್‌ಗೆ ಬಿಳಿ, ಮುಂದಿನದಕ್ಕೆ ಹಳದಿ ಅಂತ ಬದಲಿಸುತ್ತಾ ಹೋದರೆ ಯಾವ ಗುರುತು ಯಾವಾಗಿನದು ಅನ್ನುವ ಗೊಂದಲ ಆಗುವುದಿಲ್ಲ.