ಹಡಗು ಒಂದೇ, ಜನ ಬೇರೆ: ಐದು ಕಡಲಿನ ಕ್ರೂಸ್‌ಗಳ ಹೋಲಿಕೆ

ಕ್ರೂಸ್ ಬುಕ್ ಮಾಡುವಾಗ ಎಲ್ಲರೂ ನೋಡುವುದು ಹಡಗಿನ ಫೋಟೋ. ಈಜುಕೊಳ ಎಷ್ಟಿವೆ, ಕ್ಯಾಬಿನ್‌ಗೆ ಬಾಲ್ಕನಿ ಇದೆಯಾ, ಜಾರುಬಂಡಿ ಎಷ್ಟು ಎತ್ತರ. ಮೊದಲೆರಡು ಸಲ ನಾನೂ ಹಾಗೇ ಆರಿಸಿದ್ದು. ಐದು ಪ್ರಯಾಣ ಮುಗಿದ ಮೇಲೆ ಈಗ ಮೊದಲು ಕೇಳುವ ಪ್ರಶ್ನೆಯೇ ಬೇರೆ: ಈ ಹಡಗಿಗೆ ಯಾರು ಹತ್ತುತ್ತಾರೆ, ಎಲ್ಲಿ ಹತ್ತುತ್ತಾರೆ? ಊಟದ ಹೊತ್ತು, ಡೆಕ್ಕಿನ ಗದ್ದಲ, ರಾತ್ರಿಯ ಶೋ, ಕೊನೆಗೆ ಬಿಲ್ಲಿನಲ್ಲಿ ಏನೇನು ಸೇರುತ್ತದೆ ಎನ್ನುವುದು ಕೂಡ ಅದರ ಮೇಲೇ ನಿಂತಿದೆ.

ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ. ನನ್ನ ಮೊದಲ ಎರಡು ಪ್ರಯಾಣ ಒಂದೇ ಕಂಪನಿಯ ಅವಳಿ ಹಡಗುಗಳಲ್ಲಿ ಆಯಿತು. ಒಂದು ಮೆಡಿಟರೇನಿಯನ್‌ನಲ್ಲಿ, ಇನ್ನೊಂದು ಕೆರಿಬಿಯನ್‌ನಲ್ಲಿ. ಲಿಫ್ಟ್ ಎಲ್ಲಿದೆ, ಬಫೆಗೆ ಯಾವ ಕಡೆಯಿಂದ ಹೋಗಬೇಕು, ಎಲ್ಲ ಒಂದೇ. ಕಣ್ಣು ಮುಚ್ಚಿಕೊಂಡು ಓಡಾಡಬಹುದಿತ್ತು. ಆದರೆ ಆ ವಾರಕ್ಕೂ ಈ ವಾರಕ್ಕೂ ಸಂಬಂಧವೇ ಇರಲಿಲ್ಲ.

ಮೆಡಿಟರೇನಿಯನ್ ಸುತ್ತು ಬಾರ್ಸಿಲೋನಾ, ಮಾರ್ಸೇಲ್, ಜಿನೋವಾ, ರೋಮ್‌ಗೆ ಬಂದರಾದ ಚಿವಿತಾವೆಕ್ಕಿಯಾ, ಪಲೆರ್ಮೊ ಮುಟ್ಟಿಕೊಂಡು ಬರುವ ಒಂದು ವಾರದ್ದು. ಇಲ್ಲಿ ಎಲ್ಲರೂ ಒಂದೇ ಕಡೆ ಹತ್ತುವುದಿಲ್ಲ. ಪ್ರತಿ ಬಂದರಿನಲ್ಲೂ ಒಂದಷ್ಟು ಜನ ಹತ್ತುತ್ತಾರೆ, ಹಿಂದಿನ ವಾರ ಅಲ್ಲೇ ಹತ್ತಿದ್ದವರು ಇಳಿಯುತ್ತಾರೆ. ನಾನು ಬಾರ್ಸಿಲೋನಾದಲ್ಲಿ ಹತ್ತಿದ್ದೆ, ಪಕ್ಕದ ಕ್ಯಾಬಿನ್ನಿನವರು ಜಿನೋವಾದಲ್ಲಿ. ನನಗೆ ಮೂರನೇ ದಿನ ಆಗಿದ್ದಾಗ ಅವರಿಗೆ ಮೊದಲನೇ ದಿನ. ಎಲ್ಲರೂ ಸೇರಿ ಕಳೆಯುವ ಮೊದಲ ರಾತ್ರಿ, ಕೊನೆಯ ರಾತ್ರಿ ಅನ್ನುವುದೇ ಈ ಹಡಗಿನಲ್ಲಿ ಇಲ್ಲ. ಯಾವ ಸಂಜೆ ನೋಡಿದರೂ ಕಾರಿಡಾರಿನಲ್ಲಿ ಯಾರದೋ ಸೂಟ್‌ಕೇಸುಗಳು ಸಾಲಾಗಿ ನಿಂತಿರುತ್ತವೆ.

ಲೈಫ್ ಜಾಕೆಟ್ ಡ್ರಿಲ್ ಕೂಡ ದಿನ ಬಿಟ್ಟು ದಿನ ನಡೆಯುತ್ತಿರುತ್ತದೆ, ಹೊಸಬರಿಗಾಗಿ. ಕಿರಿಕಿರಿ ಅನಿಸಿದರೂ ಇದರ ಹಿಂದೆ ದೊಡ್ಡ ದುಃಖ ಇದೆ. 2012ರ ಜನವರಿ 13ರ ರಾತ್ರಿ ಇದೇ ಕಡಲಲ್ಲಿ, ಇಟಲಿಯ ಜಿಲ್ಯೊ ದ್ವೀಪದ ಹತ್ತಿರ, ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ ವಾಲಿತು. 32 ಜನ ಸತ್ತರು. ಅದೇ ಸಂಜೆ ಚಿವಿತಾವೆಕ್ಕಿಯಾದಲ್ಲಿ ಹತ್ತಿದ್ದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಈಗ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ತಕ್ಷಣ ಮುಗಿಸಲೇಬೇಕು. 2015ರ ಜನವರಿಯಿಂದ ಇದು ಅಂತಾರಾಷ್ಟ್ರೀಯ ನಿಯಮ. ಡ್ರಿಲ್ ಕರೆದಾಗ ದಯವಿಟ್ಟು ಹೋಗಿ.

ಇನ್ನು ಭಾಷೆ. ಇಟಾಲಿಯನ್, ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಜರ್ಮನ್. ಪ್ರತಿ ಪ್ರಕಟಣೆಯೂ ಐದು ಸಲ. ಎರಡನೇ ದಿನಕ್ಕೇ ಜನ ಕಿವಿಗೊಡುವುದನ್ನು ಬಿಡುತ್ತಾರೆ. ನಾನೂ ಬಿಟ್ಟೆ, ಅದಕ್ಕೆ ಬೆಲೆಯನ್ನೂ ಕೊಟ್ಟೆ. ಮಾರ್ಸೇಲ್‌ನಲ್ಲಿ ಊರು ನೋಡುವ ಪ್ರವಾಸಕ್ಕೆ ಥಿಯೇಟರಿನಲ್ಲಿ ಸೇರಬೇಕು ಎಂದಿದ್ದವರು ಬೆಳಗ್ಗೆ ಜಾಗ ಬದಲಾಯಿಸಿದರು. ಇಂಗ್ಲಿಷಿನ ಸರದಿ ಬರುವಷ್ಟರಲ್ಲಿ ನಾನು ಬಫೆಯ ಗದ್ದಲದಲ್ಲಿದ್ದೆ. ಖಾಲಿ ಥಿಯೇಟರಿನಲ್ಲಿ ಕಾಯುತ್ತಾ ಕೂತೆ, ಬಸ್ಸು ಹೊರಟುಹೋಯಿತು. ಪ್ರಕಟಿಸಿದ್ದೆವಲ್ಲ ಎಂದು ಹೇಳಿ ದುಡ್ಡು ವಾಪಸ್ ಕೊಡಲಿಲ್ಲ. ಅವತ್ತಿನಿಂದ, ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ದಿನಚರಿಯ ಹಾಳೆಯನ್ನು ಪೂರ್ತಿ ಓದಿ, ಬೆಳಗ್ಗೆ ಡೆಸ್ಕಿನಲ್ಲಿ ಒಮ್ಮೆ ಕೇಳಿಯೇ ಮುಂದೆ ಹೋಗುತ್ತೇನೆ.

ಇಷ್ಟಾದರೂ ಆ ಹಡಗಿನಲ್ಲಿ ನಾನು ಪ್ರೀತಿಸಿದ್ದು ರಾತ್ರಿಯ ಊಟ. ನನಗೆ ಸಿಕ್ಕಿದ್ದು ಎರಡನೇ ಪಂಕ್ತಿ, ಒಂಬತ್ತೂವರೆಗೆ. ಪಕ್ಕದ ಮೇಜಿನಲ್ಲಿ ಮೂರು ತಲೆಮಾರಿನ ಇಟಾಲಿಯನ್ ಕುಟುಂಬ. ತಾತ ಪ್ರತಿ ರಾತ್ರಿ ಪಾಸ್ತಾದ ಒಂದು ತುಂಡನ್ನು ಫೋರ್ಕಿನಿಂದ ಅರ್ಧಕ್ಕೆ ಕತ್ತರಿಸಿ, ಒಳಗೆ ಬೆಂದಿದೆಯಾ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸರಿ ಇದ್ದರೆ ತಲೆಯಾಡಿಸುತ್ತಿದ್ದರು, ಆಮೇಲೇ ಉಳಿದವರು ಶುರು ಮಾಡುತ್ತಿದ್ದುದು. ಹತ್ತೂವರೆಯ ಹೊತ್ತಿಗೆ ನಾಲ್ಕು ವರ್ಷದ ಮಗು ಎರಡು ಕುರ್ಚಿ ಜೋಡಿಸಿದ ಮೇಲೆ ನಿದ್ದೆ ಹೋಗಿರುತ್ತಿತ್ತು, ಅಜ್ಜಿ ತನ್ನ ಶಾಲು ಹೊದಿಸುತ್ತಿದ್ದರು. ಊಟ ಮುಗಿದಾಗ ಹನ್ನೊಂದೂವರೆ. ಮಗುವನ್ನು ಎಬ್ಬಿಸಿ ಎಲ್ಲರೂ ಐಸ್‌ಕ್ರೀಮ್‌ಗೆ ಹೊರಡುತ್ತಿದ್ದರು!

ಕೆರಿಬಿಯನ್‌ನಲ್ಲಿ ಅದೇ ಡೈನಿಂಗ್ ಹಾಲ್, ಅದೇ ಕುರ್ಚಿ. ಆದರೆ ಮೊದಲ ಪಂಕ್ತಿ ಸಂಜೆ ಐದೂವರೆಗೆ. ಕಿಟಕಿಯಲ್ಲಿ ಬಿಸಿಲು ಇನ್ನೂ ಹೊಳೆಯುತ್ತಿರುವಾಗ ರಾತ್ರಿ ಊಟ. ಏಳಕ್ಕೆ ಜನ ಶೋಗೆ ಹೊರಟಾಗಿರುತ್ತದೆ.

ಇಲ್ಲಿ ಎಲ್ಲರೂ ಮಯಾಮಿಯಲ್ಲಿ ಒಂದೇ ಮಧ್ಯಾಹ್ನ ಹತ್ತುತ್ತಾರೆ, ಒಂದೇ ಬೆಳಗ್ಗೆ ಇಳಿಯುತ್ತಾರೆ. ಈ ಒಂದು ವ್ಯತ್ಯಾಸದಿಂದ ಹಡಗೇ ಬದಲಾಗುತ್ತದೆ. ಹೊರಡುವಾಗ ಡೆಕ್ಕಿನ ಮೇಲೆ ಹಾಡು, ಕುಣಿತ. ಮಾರನೇ ದಿನಕ್ಕೆ ಮುಖಗಳು ಪರಿಚಯ. ಅಮೆರಿಕನ್ನರು ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಮಾತು ಶುರು ಮಾಡುತ್ತಾರೆ. ಎಲ್ಲಿಯವರು, ಎಷ್ಟನೇ ಕ್ರೂಸ್, ನಿನ್ನೆ ಆ ಸೀಗಡಿ ತಿಂದಿರಾ? ಒಬ್ಬರೇ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಹಡಗು ಇಲ್ಲ ಅನ್ನುತ್ತೇನೆ. ಮೆಡಿಟರೇನಿಯನ್‌ನಲ್ಲಿ ಒಂದು ವಾರದಲ್ಲಿ ಮೂರು ಜನರ ಹೆಸರು ತಿಳಿದಿತ್ತು. ಇಲ್ಲಿ ಕೊನೆಯ ರಾತ್ರಿ ಒಂದು ಮೇಜಿನ ಸುತ್ತ ಹನ್ನೆರಡು ಜನ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದೆವು.

ಶೋಗಳ ಲೆಕ್ಕವೂ ಬೇರೆ. ಐದು ಭಾಷೆಯ ಹಡಗಿನಲ್ಲಿ ಮಾತಿನ ಹಾಸ್ಯ ನಡೆಯುವುದಿಲ್ಲ, ಅಲ್ವಾ? ಅಲ್ಲಿ ಕಸರತ್ತು, ನೃತ್ಯ, ಒಪೆರಾ ಹಾಡು. ಮಾತು ಬೇಡದ್ದೆಲ್ಲ ಅಲ್ಲಿ ಅದ್ಭುತವಾಗಿತ್ತು. ಕೆರಿಬಿಯನ್‌ನಲ್ಲಿ ಹಾಸ್ಯಗಾರರು, ಕ್ವಿಜ್, ಬಿಂಗೊ. ಅಮೆರಿಕದ ಟಿವಿ ನೋಡಿ ಬೆಳೆಯದವರಿಗೆ ಹಾಸ್ಯದಲ್ಲಿ ಅರ್ಧ ತಪ್ಪಿಹೋಗುತ್ತದೆ. ಸುತ್ತ ಸಾವಿರ ಜನ ನಗುವಾಗ ಸುಮ್ನೆ ಕೂತಿರುವುದು ಕಷ್ಟ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ದುಡ್ಡಿನ ವಿಷಯಕ್ಕೆ ಬಂದರೆ, ಕೆರಿಬಿಯನ್‌ನಲ್ಲಿ ಕೂತ ತಕ್ಷಣ ಲೋಟದ ತುಂಬಾ ಐಸ್ ಹಾಕಿದ ನೀರು ಬರುತ್ತದೆ, ಅದಕ್ಕೆ ಬಿಲ್ ಇಲ್ಲ. ಮೆಡಿಟರೇನಿಯನ್‌ನಲ್ಲಿ ಬಾಟಲಿ ನೀರು ತರುತ್ತಾರೆ, ಬಿಲ್ಲಿಗೆ ಸೇರುತ್ತದೆ. ದಿನಕ್ಕೆ ತಲೆಗೆ ಇಷ್ಟು ಎಂದು ಸೇವಾ ಶುಲ್ಕ ಎರಡೂ ಕಡೆ ಇತ್ತು. ಕೆರಿಬಿಯನ್‌ನಲ್ಲಿ ಅದರ ಜೊತೆಗೆ ಪಾನೀಯಗಳ ಮೇಲೆ ಶೇ. 18ರಿಂದ 20. ಇಷ್ಟಾದ ಮೇಲೂ ಅಮೆರಿಕನ್ನರು ಕೊನೆಯ ದಿನ ಕವರಿನಲ್ಲಿ ನೋಟು ಇಟ್ಟು ವೇಟರ್ ಕೈಗೆ ಕೊಡುತ್ತಾರೆ. ಯುರೋಪಿನವರು ಕೊನೆಯ ದಿನ ರಿಸೆಪ್ಷನ್ ಮುಂದೆ ಸಾಲು ನಿಂತು ಈ ಶುಲ್ಕ ಯಾಕೆ ಎಂದು ಕೇಳುತ್ತಿದ್ದರು. ಅದು ಜಿಪುಣತನ ಅಲ್ಲ. ಅವರ ಊರುಗಳಲ್ಲಿ ವೇಟರ್‌ಗೆ ಸಂಬಳವೇ ಸಂಬಳ, ಅಮೆರಿಕದಲ್ಲಿ ಟಿಪ್ಸ್ ಸಂಬಳದ ಒಂದು ಭಾಗ. ಜನರ ಈ ಅಭ್ಯಾಸಕ್ಕೆ ಕಂಪನಿಗಳೂ ತಲೆಬಾಗಿವೆ. ಬ್ರಿಟಿಷ್ ಪ್ರಯಾಣಿಕರನ್ನು ನಂಬಿ ನಡೆಯುವ ಪಿ ಆಂಡ್ ಓ 2019ರಲ್ಲಿ ದಿನದ ಟಿಪ್ಸ್ ತೆಗೆದೇ ಹಾಕಿತು. ಜರ್ಮನ್ನರ ಐಡಾದಲ್ಲೂ ಟಿಪ್ಸ್ ಟಿಕೆಟ್ಟಿನೊಳಗೇ ಸೇರಿದೆ.

ಎರಡೂ ಕಡಲಲ್ಲಿ ಕೆಲಸ ಮಾಡಿದ್ದ ಫಿಲಿಪೈನ್ಸ್‌ನ ವೇಟರ್ ಒಬ್ಬರು ಒಂದು ಮಾತು ಹೇಳಿದರು. ಯುರೋಪಿನಲ್ಲಿ ಐದು ಭಾಷೆಯಲ್ಲಿ ನಮಸ್ಕಾರ ಕಲಿತೆ, ಇಲ್ಲಿ ಎಲ್ಲರ ಹೆಸರು ಕಲಿಯುತ್ತೇನೆ. ಎರಡು ಹಡಗಿನ ವ್ಯತ್ಯಾಸ ನನಗೆ ಅಲ್ಲೇ ಪೂರ್ತಿ ಅರ್ಥವಾಯಿತು.

ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆ ಹೋಗುವ ಹಡಗುಗಳು ಮೂರು-ನಾಲ್ಕು ರಾತ್ರಿಯವು. ಸಿಂಗಪುರ, ಮಲೇಷ್ಯಾ, ಚೀನಾ, ಇಂಡೋನೇಷ್ಯಾ, ಭಾರತದ ಕುಟುಂಬಗಳು, ಅಜ್ಜ ಅಜ್ಜಿಯರ ಸಮೇತ. ಸಮಯ ಕಡಿಮೆ, ಹಾಗಾಗಿ ಮಲಗಿ ಕಳೆಯಲು ಯಾರಿಗೂ ಮನಸ್ಸಿಲ್ಲ. ರಾತ್ರಿ ಒಂದಕ್ಕೆ ನೂಡಲ್ಸ್ ಮುಂದೆ ಸಾಲು ಇರುತ್ತದೆ, ಕರೋಕೆ ಕೋಣೆಯಿಂದ ಹಾಡು ಕೇಳುತ್ತಿರುತ್ತದೆ. ಹಡಗು ದೇಶದ ಕಡಲ ಗಡಿ ದಾಟಿದ ಮೇಲೆ ಕ್ಯಾಸಿನೊ ತೆರೆಯುತ್ತದೆ. ಈ ನಿಯಮ ಬೇರೆ ಕಡೆಯೂ ಇದೆ, ಆದರೆ ಬಾಗಿಲು ತೆರೆಯುವುದನ್ನೇ ಕಾಯುತ್ತಾ ನಿಂತವರನ್ನು ನಾನು ನೋಡಿದ್ದು ಇಲ್ಲಿ ಮಾತ್ರ.

ಡೆಕ್ ನೋಡಿದರೇ ಯಾವ ಕಡಲು ಎಂದು ಹೇಳಬಹುದು. ಕೆರಿಬಿಯನ್‌ನಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲಿನ ಕುರ್ಚಿಗಳ ಮೇಲೆ ಟವೆಲ್ ಹಾಸಿರುತ್ತದೆ, ನೆರಳಿನವು ಖಾಲಿ. ಸಿಂಗಪುರದ ಹಡಗಿನಲ್ಲಿ ನೆರಳಿನ ಕುರ್ಚಿಗೇ ಪೈಪೋಟಿ. ಮಧ್ಯಾಹ್ನ ಈಜುಕೊಳದಲ್ಲಿ ಹೆಚ್ಚು ಜನ ಇಲ್ಲ, ಸೂರ್ಯ ಮುಳುಗಿದ ಮೇಲೆ ಕಾಲಿಡಲು ಜಾಗವಿಲ್ಲ. ಬೆಳಗ್ಗೆ ಆರಕ್ಕೆ ಬಿಸಿನೀರಿನ ನಲ್ಲಿಯ ಹತ್ತಿರ ವಯಸ್ಸಾದ ಚೀನೀ ಹೆಂಗಸರು ಫ್ಲಾಸ್ಕ್ ಹಿಡಿದು ನಿಂತಿರುತ್ತಿದ್ದರು. ನನ್ನ ಕೈಯಲ್ಲಿ ಬರೀ ಕಪ್ ಇರುವುದನ್ನು ಕಂಡು ಒಬ್ಬರು ಮಾತಿಲ್ಲದೆ ನನ್ನನ್ನು ಮುಂದೆ ಬಿಟ್ಟರು. ಮಾಂಸ ತಿನ್ನದವರಿಗೆ ಐದರಲ್ಲಿ ಅತಿ ಸುಲಭದ ಹಡಗು ಇದೇ. ಬಫೆಯಲ್ಲಿ ಭಾರತೀಯ ಅಡುಗೆಗೆ ಬೇರೆ ಕೌಂಟರೇ ಇತ್ತು. ಆದರೆ ನಿದ್ದೆ, ಮೌನ ಬೇಕೆನ್ನುವವರು ಇದಕ್ಕೆ ಹೋಗಬೇಡಿ.

ಅವರಿಗೆ ಅಲಾಸ್ಕಾ. ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಕೆಚಿಕನ್, ಜುನೋ, ಸ್ಕ್ಯಾಗ್‌ವೇ. ಜೂನ್‌ನಲ್ಲಿ ರಾತ್ರಿ ಹತ್ತು ದಾಟಿದರೂ ಬೆಳಕು ಇರುತ್ತದೆ, ಆದರೂ ಹತ್ತಕ್ಕೆ ಕಾರಿಡಾರ್ ನಿಶ್ಶಬ್ದ. ಅಮೆರಿಕನ್ನರೇ ಜಾಸ್ತಿ, ಆದರೆ ಕೆರಿಬಿಯನ್‌ನ ಅಮೆರಿಕನ್ನರಲ್ಲ. ನಿವೃತ್ತರು, ಕೊರಳಲ್ಲಿ ದುರ್ಬೀನು. ಗ್ಲೇಷಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅವಕಾಶ. ಬೆಳಗ್ಗೆ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಚಿಕ್ಕ ದೋಣಿಯಲ್ಲಿ ಬಂದು ಹಡಗು ಹತ್ತಿ ದಿನವಿಡೀ ವಿವರಿಸುತ್ತಾರೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಲ್ಲೇ ನಿಧಾನವಾಗಿ ತಿರುಗಿತು. ಎರಡು ಸಾವಿರ ಜನ ಕಂಬಳಿ ಹೊದ್ದು, ಬಟಾಣಿ ಸೂಪ್ ಹಿಡಿದು ನಿಂತಿದ್ದರು, ಮಾತೇ ಇಲ್ಲ. ಹಿಮ ಮುರಿದು ನೀರಿಗೆ ಬಿದ್ದು, ಗುಡುಗಿನಂಥ ಸದ್ದು ನಮ್ಮನ್ನು ಮುಟ್ಟಿದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ಶೋ, ಕ್ಯಾಸಿನೊ ಇಲ್ಲಿ ಲೆಕ್ಕಕ್ಕಿಲ್ಲ.

ನನ್ನ ಮನಸ್ಸು ಮಾತ್ರ ಜಪಾನಿನ ಯೊಕೊಹಾಮಾದಿಂದ ಹೊರಟ ಹಡಗಿನಲ್ಲೇ ಉಳಿದಿದೆ. 2004ರಲ್ಲಿ ನಾಗಸಾಕಿಯಲ್ಲೇ ಕಟ್ಟಿದ ಡೈಮಂಡ್ ಪ್ರಿನ್ಸೆಸ್ ಅದು. ಜಪಾನೀಯರು, ಅಮೆರಿಕನ್ನರು, ಆಸ್ಟ್ರೇಲಿಯನ್ನರು ಕೂಡಿದ ಹಡಗು. ಪ್ರಕಟಣೆ ಎರಡೇ ಭಾಷೆಯಲ್ಲಿ, ಚುಟುಕಾಗಿ. ಜಪಾನೀ ಶೈಲಿಯ ಸ್ನಾನದ ಮನೆ ಇದೆ. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕಡಲು ನೋಡುತ್ತಾ ಕೂರಬಹುದು. ತೊಟ್ಟಿಗೆ ಇಳಿಯುವ ಮುಂಚೆ ಮೈ ತೊಳೆದುಕೊಳ್ಳಲೇಬೇಕು. ಮಧ್ಯೆ ದಕ್ಷಿಣ ಕೊರಿಯಾದ ಬುಸಾನ್‌ಗೆ ಒಮ್ಮೆ ಹೋಗುತ್ತದೆ. ವಿದೇಶಿ ಬಾವುಟದ ಹಡಗು ಬರೀ ಜಪಾನಿನ ಬಂದರುಗಳನ್ನೇ ಸುತ್ತುವಂತಿಲ್ಲ. ಅಮೆರಿಕದಲ್ಲೂ 1886ರ ಕಾನೂನು ಇಂಥದ್ದೇ. ಅಲಾಸ್ಕಾ ಹಡಗುಗಳು ಕೆನಡಾದ ವ್ಯಾಂಕೂವರ್ ಅಥವಾ ವಿಕ್ಟೋರಿಯಾ ಮುಟ್ಟುವುದು ಅದಕ್ಕೇ. ಮಾಂಸ, ಮೀನು ತಿನ್ನದವರು ಇಲ್ಲಿ ಬಹಳ ಎಚ್ಚರ ವಹಿಸಬೇಕು. ತರಕಾರಿ ಸೂಪಿನಂತೆ ಕಾಣುವುದರಲ್ಲೂ ಒಣಮೀನಿನ ರಸ ಇರುತ್ತದೆ. ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಕೂತು ಮಾತಾಡಿ. ನನಗೆ ಮರುದಿನದ ಊಟವನ್ನು ಹಿಂದಿನ ರಾತ್ರಿಯೇ ಕೇಳಿ ಬೇರೆ ಮಾಡಿಸಿಕೊಟ್ಟರು.

ಅವೊಮೊರಿಯಿಂದ ಹೊರಡುವ ಸಂಜೆ ಡೆಕ್ಕಿಗೆ ಬಂದರೆ, ಕೆಳಗೆ ಧಕ್ಕೆಯ ಮೇಲೆ ಊರಿನವರು ಡೋಲು, ಕೊಳಲು ಹಿಡಿದು ನಿಂತಿದ್ದರು. ಶಾಲಾ ಮಕ್ಕಳು, ಮುದುಕರು, ಬಂದರಿನ ಕೆಲಸದವರು. ಹಗ್ಗ ಬಿಚ್ಚಿದ ಮೇಲೂ ಬಾರಿಸುತ್ತಲೇ ಇದ್ದರು. ಆಸ್ಟ್ರೇಲಿಯನ್ನರು ಕೂಗಿ ಕೈ ಬೀಸುತ್ತಿದ್ದರು, ಅಮೆರಿಕನ್ನರು ವಿಡಿಯೊ ಮಾಡುತ್ತಿದ್ದರು. ನನ್ನ ಪಕ್ಕದ ಜಪಾನೀ ಅಜ್ಜ ಐದು ದಿನದಲ್ಲಿ ಒಂದು ಮಾತೂ ಜೋರಾಗಿ ಆಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಎರಡೂ ಕೈ ಬಾಯಿಗೆ ಹಿಡಿದು 'ಇತ್ತೆಕಿಮಾಸ್' ಎಂದು ಕೂಗಿದರು. ಕೆಳಗಿನಿಂದ 'ಇತ್ತೆರಾಶ್ಶಾಯ್' ಎಂದು ಉತ್ತರ ಬಂತು. ಹಾಗಂದರೆ ಏನು ಎಂದು ಕೇಳಿದೆ. ಹೊರಡುವವರು ಹೋಗಿ ಬರ್ತೀನಿ ಅನ್ನುತ್ತಾರೆ, ಕಳಿಸುವವರು ಹೋಗಿ ಬನ್ನಿ ಅನ್ನುತ್ತಾರೆ, ಅಷ್ಟೇ ಎಂದರು. ಧಕ್ಕೆಯ ದೀಪಗಳು ಚುಕ್ಕಿಯಷ್ಟಾಗುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು.