ಜ್ಯೂರಿ ಹಿಂದಿನ ದಿನದ ಪ್ರಿಂಟ್ ಅಂಗಡಿ: ಐದಕ್ಕೆ ನಾಲ್ಕು ಸ್ಟಾರ್

ಜ್ಯೂರಿ ಅಂದರೆ ಡಿಸೈನ್ ಕಾಲೇಜಿನಲ್ಲಿ ನಮ್ಮ ಪ್ರಾಜೆಕ್ಟ್ ಶೀಟುಗಳನ್ನು ಹೊರಗಿನವರು ಬಂದು ನೋಡಿ ಪ್ರಶ್ನೆ ಕೇಳೋ ದಿನ. ಅದಕ್ಕೆ ಶೀಟ್ ಪ್ರಿಂಟ್ ಹಾಕಿಸೋ ಅಂಗಡಿ ಇದು, ಹೆಸರು ಹಾಕುತ್ತಿಲ್ಲ. ರಿವ್ಯೂ ಬರೀತೀನಿ ಅಂಕಲ್ ಅಂದಿದ್ದಕ್ಕೆ, "ಹೆಸರೊಂದು ಹಾಕ್ಬೇಡಮ್ಮ, ಆಮೇಲೆ ಸಬ್ಮಿಷನ್ ಟೈಮಲ್ಲಿ ನಿಂತ್ಕೊಳ್ಳೋಕೂ ಜಾಗ ಇರಲ್ಲ" ಅಂದರು. ಬಸವನಗುಡಿ ಕಡೆ, ಗಾಂಧಿ ಬಜಾರಿನ ಹೂವಿನವರನ್ನು ದಾಟಿ ಒಳಗೆ ತಿರುಗಿದರೆ ಸಿಗುತ್ತದೆ. ಮುಂದೆ ಯಾವಾಗಲೂ ಇಬ್ಬರೋ ಮೂವರೋ ಉದ್ದನೆಯ ಕಪ್ಪು ಶೀಟ್ ಡಬ್ಬಿ ಹೆಗಲಿಗೆ ಹಾಕಿಕೊಂಡು, ನಿದ್ದೆ ಇಲ್ಲದ ಮುಖದಲ್ಲಿ ನಿಂತಿರುತ್ತಾರೆ. ಅದೇ ಗುರುತು.

ನಾನು ಇಂಟೀರಿಯರ್ ಡಿಸೈನ್ ಎರಡನೇ ವರ್ಷ. ಊರು ಶಿರಸಿ, ಇಲ್ಲಿ ಪಿಜಿಯಲ್ಲಿದ್ದೇನೆ. ಊರಲ್ಲಿ ಯಾರಾದರೂ ಮಗಳು ಏನು ಓದುತ್ತಾಳೆ ಅಂತ ಕೇಳಿದರೆ ಆಯಿ "ಮನೆ ಅಲಂಕಾರ" ಅಂದುಬಿಡುತ್ತಾಳೆ. ಅಲಂಕಾರದ ಪಾಲು ತೀರಾ ಕಮ್ಮಿ. ಟೈಮೆಲ್ಲ ಹೋಗುವುದು ಅಳತೆ ತೆಗೆಯೋದಕ್ಕೆ, ಗೆರೆ ಎಳೆಯೋದಕ್ಕೆ, ಕೊನೆಗೆ ಅದನ್ನು ಎ1 ಅನ್ನೋ ದೊಡ್ಡ ಶೀಟಿನಲ್ಲಿ ಪ್ರಿಂಟ್ ಹಾಕಿಸೋದಕ್ಕೆ. ಮೊದಲೆರಡನ್ನು ಕ್ಲಾಸಲ್ಲಿ ಕಲಿಸುತ್ತಾರೆ. ಮೂರನೆಯದನ್ನು ನಾನು ಮರ್ಯಾದೆ ಕಳೆದುಕೊಂಡು ಕಲಿತೆ.

ಹೋದ ಸೆಮಿಸ್ಟರಿನ ಸ್ಟುಡಿಯೋ ಪ್ರಾಜೆಕ್ಟ್ ಒಂದು ದರ್ಶಿನಿ. ನಿಂತು ತಿನ್ನುವ ಹೋಟೆಲು, ಬೆಂಗಳೂರಿನವರೇ 1980ರ ದಶಕದಲ್ಲಿ ಶುರು ಮಾಡಿದ್ದು. ಅದರ ಒಳಗನ್ನು ಹೊಸದಾಗಿ ಡಿಸೈನ್ ಮಾಡಬೇಕಿತ್ತು. ನಾವು ಮೂವರು ಟೇಪ್ ಹಿಡಿದು ಹೋಟೆಲಿಂದ ಹೋಟೆಲಿಗೆ ಅಲೆದೆವು. ಒಂದು ಕಡೆ ಕ್ಯಾಶ್ ಕೌಂಟರಿನಲ್ಲಿದ್ದವರು ನಮ್ಮನ್ನು ಕಾರ್ಪೊರೇಷನ್‌ನವರು ಅಂದುಕೊಂಡು ತಕ್ಷಣ ಕಾಫಿ ಕೊಡಿಸಿದರು. ಸ್ಟೂಡೆಂಟ್ಸ್ ಅಂತ ಗೊತ್ತಾದ ಮೇಲೆ ಕಾಫಿಗೆ ದುಡ್ಡು ತಗೊಂಡರು. ಆ ಓಡಾಟದಲ್ಲಿ ನನಗೆ ತಲೆಗೆ ಹತ್ತಿದ್ದು ನಿಂತು ತಿನ್ನೋ ಟೇಬಲ್ಲಿನ ಎತ್ತರ. ಸ್ವಲ್ಪ ತಗ್ಗಾದರೆ ಸಾಂಬಾರಿನ ಬಟ್ಟಲಿಗೆ ಬಗ್ಗಬೇಕು, ಸ್ವಲ್ಪ ಜಾಸ್ತಿಯಾದರೆ ಕುಳ್ಳಗಿರುವವರ ಮೊಣಕೈ ಮೇಲೇರುತ್ತದೆ. ಕೂತು ನಿಂತು ನೋಡಿ ನಾನು 1050 ಮಿಲಿಮೀಟರಿಗೆ ಗಟ್ಟಿ ಮಾಡಿದೆ. ನನ್ನ ಇಡೀ ಪ್ರಾಜೆಕ್ಟ್ ನಿಂತಿದ್ದೇ ಆ ಅಳತೆಯ ಮೇಲೆ.

ಶೀಟುಗಳನ್ನು ಕಾಲೇಜಿನ ಹತ್ತಿರದ ಇನ್ನೊಂದು ಅಂಗಡಿಯಲ್ಲಿ ಹಾಕಿಸಿದೆ. ಎಸಿ, ಹೊಳೆಯೋ ಕೌಂಟರ್, ಹತ್ತು ನಿಮಿಷದಲ್ಲಿ ಕೆಲಸ. ಶೀಟ್ ನೋಡೋಕೆ ಚೆನ್ನಾಗೇ ಇತ್ತು. ಮರುದಿನ ಜ್ಯೂರಿಗೆ ಬಂದಿದ್ದ ಆರ್ಕಿಟೆಕ್ಟ್ ಒಬ್ಬರು ಮಾತೇ ಆಡದೆ ಜೇಬಿಂದ ಸ್ಕೇಲ್ ತೆಗೆದು, 1:20ರ (ಅಂದರೆ ನಿಜದ ಅಳತೆಯ ಇಪ್ಪತ್ತರಲ್ಲಿ ಒಂದು ಪಾಲಿನ) ಸೆಕ್ಷನ್, ಅಂದರೆ ಅಡ್ಡ ಕೊಯ್ದು ಎತ್ತರ ತೋರಿಸೋ ಡ್ರಾಯಿಂಗ್ ಮೇಲಿಟ್ಟರು. "ಟೇಬಲ್ ಎಷ್ಟು ಅಂದ್ರಿ?" 1050 ಸಾರ್. "ಇಲ್ಲಿ 1010 ಇದೆಯಲ್ಲ." ಪ್ಲ್ಯಾನಿನ ಮೇಲಿಟ್ಟರು. 900ರ ಬಾಗಿಲು 865 ಚಿಲ್ಲರೆ. ನನಗೆ ನಾಲಿಗೆಯೇ ಹೊರಳಲಿಲ್ಲ. ಆಗಿದ್ದಿಷ್ಟೇ: ಅಂಗಡಿಯ ಹುಡುಗ ಪಿಡಿಎಫ್ ಪ್ರಿಂಟ್ ಕೊಡುವಾಗ 'ಫಿಟ್' ಒತ್ತಿದ್ದ. ಸುತ್ತ ಮಾರ್ಜಿನ್ ಬಿಡೋಕೆ ಕಂಪ್ಯೂಟರು ಇಡೀ ಡ್ರಾಯಿಂಗನ್ನು ನೂರಕ್ಕೆ ತೊಂಬತ್ತಾರರಷ್ಟು ಕುಗ್ಗಿಸಿತ್ತು. ಕಣ್ಣಿಗೆ ಕಾಣಲ್ಲ, ಸ್ಕೇಲಿಗೆ ಕಾಣುತ್ತದೆ. ಅಳತೆಯ ಬಗ್ಗೆಯೇ ಹತ್ತು ನಿಮಿಷ ಭಾಷಣ ಬಿಗಿದವಳ ಶೀಟಿನಲ್ಲಿ ಒಂದು ಅಳತೆಯೂ ಸರಿ ಇರಲಿಲ್ಲ. ಹುಡುಗನದ್ದು ತಪ್ಪು ಅಂತ ಹೇಳಬಹುದಿತ್ತು, ಆದರೆ ತಗೊಂಡ ಮೇಲೆ ನಾನೂ ಅಳೆದು ನೋಡಿರಲಿಲ್ಲ ಅಲ್ವಾ.

ಅದಾದ ಮೇಲೆ ಸೀನಿಯರ್ ಒಬ್ಬಳು ಈ ಗಾಂಧಿ ಬಜಾರಿನ ಅಂಗಡಿ ತೋರಿಸಿದಳು. ಹತ್ತು ಅಡಿ ಅಗಲ ಇರಬಹುದು. ಒಂದು ಹಳೇ ಪ್ಲಾಟರ್ (ದೊಡ್ಡ ಶೀಟ್ ಪ್ರಿಂಟ್ ಹಾಕೋ ಮಿಷನ್), ಒಂದು ಜೆರಾಕ್ಸ್ ಮಿಷನ್, ಗೋಡೆಗೆ ಒರಗಿಸಿಟ್ಟ ಪೇಪರ್ ರೋಲುಗಳು. ಅಂಕಲ್ಲಿಗೆ ಅರವತ್ತು ದಾಟಿದೆ. ಫೈಲ್ ತೆರೆದವರೇ ಕೇಳಿದ್ದು, "ಸ್ಕೇಲಿಗೆ ಬೇಕಾ, ಸುಮ್ನೆ ನೋಡೋಕೆ ಬೇಕಾ?"

ಈ ಒಂದು ಪ್ರಶ್ನೆಗೇ ನಾನು ಮೂರು ಸ್ಟಾರ್ ಕೊಡುತ್ತೇನೆ.

ಸ್ಕೇಲಿಗೆ ಅಂದೆ. ಶೀಟ್ ಹೊರಗೆ ಬಂತು. ಅವರು ಕೊಡಲಿಲ್ಲ. ಟೇಬಲ್ ಮೇಲೆ ಹರಡಿ, ಸ್ಟೀಲ್ ಸ್ಕೇಲ್ ತಗೊಂಡು, "ನಿನ್ನ ಬಾಗಿಲು ಎಷ್ಟಮ್ಮ?" ಅಂದರು. 900. "ಒಂದಕ್ಕೆ ಐವತ್ತಾದ್ರೆ ಹದಿನೆಂಟು ಮಿಲಿಮೀಟರ್ ಬರ್ಬೇಕು." ಕನ್ನಡಕ ಹಣೆಗೇರಿಸಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಅಳೆದರು. ಹದಿನೆಂಟು. ಆಮೇಲೆ ಸುತ್ತಿ ಕೊಟ್ಟರು. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರೂ ಪ್ರತಿ ಸೆಟ್ಟಿನಲ್ಲೂ ಒಂದು ಬಾಗಿಲಾದರೂ ಅಳೆಯದೆ ಕೊಡೋದಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಒಂದು ದಿನ ಜನ ಕಮ್ಮಿ ಇದ್ದಾಗ ಕೇಳಿದೆ. ಶುರುವಿನಲ್ಲಿ ಅವರದ್ದು ಅಮೋನಿಯಾ ಪ್ರಿಂಟ್ ಅಂಗಡಿಯಂತೆ. ಟ್ರೇಸಿಂಗ್ ಶೀಟನ್ನು ಮದ್ದು ಸವರಿದ ಕಾಗದದ ಮೇಲೆ ಇಟ್ಟು ಬೆಳಕು ಹಾಯಿಸಿ, ಅಮೋನಿಯಾ ಹಬೆ ಕೊಟ್ಟರೆ ಗೆರೆ ಮೂಡುತ್ತಿತ್ತು. ಕಾಗದದ ಮೇಲೆ ಕಾಗದ ಕೂತಿರುವಾಗ ಎಷ್ಟು ಇತ್ತೋ ಅಷ್ಟೇ ಬರಬೇಕು. "ಕಣ್ಣಲ್ಲಿ ನೀರು ಬರ್ತಿತ್ತು, ಮೂಗು ಕಟ್ತಿತ್ತು. ಆದ್ರೆ ಬಾಗಿಲು ಮಾತ್ರ ಯಾವತ್ತೂ ಚಿಕ್ಕದಾಗ್ಲಿಲ್ಲ. ಈ ಫಿಟ್ ಅನ್ನೋದು ಕಂಪ್ಯೂಟರ್ ಬಂದ್ಮೇಲೆ ಬಂದ ರೋಗ" ಅಂದರು. ಮೊದಲು ಪ್ಲಾಟರ್ ತಂದಾಗ ಒಬ್ಬ ಇಂಜಿನಿಯರಿನ ಸೈಟ್ ಪ್ಲ್ಯಾನೇ ಕುಗ್ಗಿ ಹೋಗಿತ್ತಂತೆ. ಮುಂದಿನದ್ದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನೊಂದು ಸಲ ನನ್ನನ್ನು ಕಾಪಾಡಿದ್ದು ಹಳದಿ ಗೆರೆ. ನಾವು ಡ್ರಾಯಿಂಗ್ ಮಾಡೋ ಸಾಫ್ಟ್‌ವೇರ್ ಆಟೋಕ್ಯಾಡಿನ ಕಪ್ಪು ಪರದೆ ಮೇಲೆ ಹಳದಿ ಎಷ್ಟು ಚೆಂದ ಕಾಣುತ್ತದೆ! ಪ್ರಿಂಟಿನ ಸೆಟ್ಟಿಂಗ್ ಆದ ಪ್ಲಾಟ್ ಸ್ಟೈಲಿನಲ್ಲಿ ಮೋನೋಕ್ರೋಮ್ (ಎಲ್ಲ ಗೆರೆಯೂ ಕಪ್ಪು) ಆರಿಸೋದು ಮರೆತರೆ ಬಿಳಿ ಕಾಗದದ ಮೇಲೂ ಹಳದಿಯೇ ಬರುತ್ತದೆ, ಅಂದರೆ ಏನೂ ಬಂದಿಲ್ಲ ಅಂತಲೇ ಲೆಕ್ಕ. ನನ್ನ ಫರ್ನಿಚರ್ ಲೇಯರ್ ಪೂರ್ತಿ ಹಳದಿ. ಅಂಕಲ್ ಪ್ರಿಂಟ್ ಕೊಡುವ ಮುಂಚೆಯೇ "ಕುರ್ಚಿ ಎಲ್ಲ ಮಾಯ ಆಗುತ್ತೆ, ಹೋಗಿ ಸರಿ ಮಾಡ್ಕೊಂಡು ಬಾ" ಅಂದರು. ಲ್ಯಾಪ್‌ಟಾಪ್ ಅಲ್ಲೇ ಪೇಪರ್ ಬಂಡಲ್ ಮೇಲಿಟ್ಟು ಸರಿ ಮಾಡಿದೆ.

ರೆಂಡರ್ (ಒಳಗೆ ಹೇಗೆ ಕಾಣುತ್ತೆ ಅಂತ ಕಂಪ್ಯೂಟರಿನಲ್ಲಿ ಮಾಡಿದ ಕಲರ್ ಚಿತ್ರ) ಇದ್ದರೆ ಮೊದಲು ಒಂದು ಎ4 ತುಂಡು ಹಾಕಿಸಿ ನೋಡಿ. ಪರದೆಯ ಮೇಲೆ ಬೆಳಕು ತುಂಬಿ ತುಳುಕುವ ಹಾಲ್ ಕಾಗದದ ಮೇಲೆ ಕರೆಂಟು ಹೋದ ಹಾಲ್ ಆಗಿರುತ್ತದೆ. ತುಂಡಿಗೆ ಹತ್ತು ರೂಪಾಯಿ. ನಾನು ಕೊಟ್ಟಿದ್ದು ಎ1 ಕಪ್ಪು ಬಿಳುಪು ಒಂದಕ್ಕೆ 60, ಕಲರಿಗೆ 160. ಕಾಲೇಜಿನ ಹತ್ತಿರ ಇದಕ್ಕಿಂತ ಹತ್ತಿಪ್ಪತ್ತು ಕಮ್ಮಿಗೆ ಸಿಗುತ್ತದೆ, ನಿಜ.

ಈಗ ದೂರು. ಇವರ ಹತ್ತಿರ ಶೀಟನ್ನು ಸನ್‌ಬೋರ್ಡಿಗೆ (ಹಗುರಾದ ಫೋಮ್ ಹಲಗೆಗೆ) ಅಂಟಿಸೋಕೆ ಕೊಡಲೇಬೇಡಿ. ನನ್ನ ಒಂದು ಪ್ಯಾನೆಲ್ಲು ಅಪ್ಪಳದ ಹಾಗೆ ಉಬ್ಬಿ ಬಂತು. ಅಂಟಿಸೋದು ಅಂಕಲ್ ಅಲ್ಲ, ಅವರ ಅಳಿಯ, ಅವನ ಕಣ್ಣು ಫೋನಿನಲ್ಲಿರುತ್ತದೆ. ಕಮ್ಮಿಯಾದ ಆ ಒಂದು ಸ್ಟಾರ್ ಪೂರ್ತಿ ಅವನದ್ದು. ಪೆನ್‌ಡ್ರೈವ್ ಕೂಡ ಕೊಡಬೇಡಿ. ಊರಿನ ಪೆನ್‌ಡ್ರೈವೆಲ್ಲ ಅದೇ ಕಂಪ್ಯೂಟರಿಗೆ ಚುಚ್ಚಿ, ನನ್ನದಕ್ಕೆ ವೈರಸ್ ಹತ್ತಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತವು. ಮೇಲ್ ಮಾಡಿ. ವಾಟ್ಸಾಪ್ ಆದರೆ ಡಾಕ್ಯುಮೆಂಟ್ ಅಂತಲೇ ಕಳಿಸಿ, ಫೋಟೋ ಅಂತ ಕಳಿಸಿದರೆ ಕ್ವಾಲಿಟಿ ಹೋಗುತ್ತದೆ. ಲೇಸರ್ ಕಟಿಂಗ್ ಇಲ್ಲ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕಿ ಊಟಕ್ಕೆ ಹೋಗುತ್ತಾರೆ, ನೀವು ಬೇಕಾದರೆ ಅತ್ತುಕೊಳ್ಳಿ.

ಕಲರ್ ಶೀಟ್ ಬಂದ ಕೂಡಲೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಡಿ, ಇಂಕು ಹಸಿ ಇರುತ್ತದೆ. ಅಂಕಲ್ ಫ್ಯಾನ್ ಕೆಳಗೆ ಹರಡೋಕೆ ಜಾಗ ಕೊಡುತ್ತಾರೆ, ಪಕ್ಕದಲ್ಲೇ ಕಾಫಿ ಸಿಗುತ್ತದೆ, ಕುಡಿದು ಬನ್ನಿ. ಅಲ್ಲಿನ ನಿಂತು ಕುಡಿಯೋ ಕಟ್ಟೆ 1020 ಇದೆ. ನಾನು ಅಳೆದಿದ್ದೇನೆ.